ಒಂದು ವರ್ಷ ಚೆನ್ನಾಗಿ ನಾಟಿದ ಕ್ಯಾನ್ಸರ್ ಮಾತ್ರೆ ಈಗ ಯಾಕೆ ನಾಟ್ತಿಲ್ಲ?

ನೀವು ಮಂಡ್ಯದವರು ಅಂದಿದ್ದೀರಿ. ನಿಮ್ಮ ತಂದೆಯವರಿಗೆ ಶ್ವಾಸಕೋಶದ ಕ್ಯಾನ್ಸರ್, ರಿಪೋರ್ಟಿನಲ್ಲಿ ಇಜಿಎಫ್‌ಆರ್ ಪಾಸಿಟಿವ್, ಅಂದ್ರೆ ಕೋಶಕ್ಕೆ ‘ಬೆಳಿ’ ಅಂತ ಹೇಳೋ ಪ್ರೋಟೀನು ಕೆಟ್ಟು ಸದಾ ಚಾಲೂ ಇದೆ. ಗೆಫಿಟಿನಿಬ್ ಮಾತ್ರೆ ತಗೊಂಡು ಒಂದು ವರ್ಷ ಆರಾಮಾಗಿದ್ದರು, ಈಗ ಗಡ್ಡೆ ಮತ್ತೆ ಬೆಳೆದಿದೆ. ಮೈಗೆ ಮಾತ್ರೆ ಒಗ್ಗಿಹೋಯ್ತಾ, ಲ್ಯಾಬಿನವರು ಇದಕ್ಕೇನಾದ್ರೂ ಮಾಡ್ತಿದ್ದಾರಾ ಅನ್ನೋದು ಪ್ರಶ್ನೆ. ನಾನು ಡಾಕ್ಟರಲ್ಲ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಕ್ಯಾನ್ಸರ್ ಕೋಶ ಬೆಳೆಸಿ ಔಷಧಿ ಪರೀಕ್ಷಿಸೋ ಸಂಶೋಧನಾ ವಿದ್ಯಾರ್ಥಿ.

ಮೈಗೆ ಒಗ್ಗಿದ್ದಲ್ಲ, ಬದಲಾಗಿರೋದು ಗಡ್ಡೆ. ಗೆಫಿಟಿನಿಬ್ ಹೋಗಿ ಇಜಿಎಫ್‌ಆರ್ ಪ್ರೋಟೀನಿನ ಒಂದು ಸಂದಿಯಲ್ಲಿ ಕೂತು ಅದರ ಕೆಲಸ ನಿಲ್ಲಿಸುತ್ತೆ. ಆ ಸಂದಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ (ಪ್ರೋಟೀನ್ ಸರದ ಒಂದು ಮಣಿ) ಬದಲಾದ ಕೋಶಕ್ಕೆ ಮಾತ್ರೆ ತಾಕಲ್ಲ. ಮಿಕ್ಕವೆಲ್ಲ ಸತ್ತ ಜಾಗದಲ್ಲಿ ಅದೇ ಹಬ್ಬುತ್ತೆ. ಈ ಬದಲಾವಣೆಯ ಹೆಸರು ಟಿ790ಎಂ. ಗೆಫಿಟಿನಿಬ್‌ಗೆ ಜಗ್ಗದ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಅರ್ಧದಲ್ಲಿ ಕಾರಣ ಇದೇ. 2005ರಲ್ಲಿ ಗೊತ್ತಾಯ್ತು, ಇದನ್ನೂ ಹಿಡಿಯೋ ಒಸಿಮರ್ಟಿನಿಬ್ ಅನ್ನೋ ಮಾತ್ರೆಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು.

ಲ್ಯಾಬಿನಲ್ಲಿ ನಾವು ಬೇಕಂತಲೇ ಇಂಥ ಮೊಂಡು ಕೋಶಗಳನ್ನ ತಯಾರು ಮಾಡ್ತೀವಿ. ಫ್ಲಾಸ್ಕಿಗೆ ಸ್ವಲ್ಪ ಔಷಧಿ, ಬದುಕಿದವಕ್ಕೆ ಇನ್ನಷ್ಟು, ಹೀಗೆ ತಿಂಗಳುಗಟ್ಟಲೆ. (ಜಂಬೂಸವಾರಿ ದಿನ ಊರೆಲ್ಲ ಅರಮನೆ ಕಡೆ ಹೋದ್ರೂ ಕೋಶಗಳಿಗೆ ಆಹಾರವಾದ ದ್ರವ, ಅಂದ್ರೆ ಮೀಡಿಯಂ ಬದಲಿಸೋಕೆ ಯಾರಾದ್ರೂ ಒಬ್ಬರು ಬರಲೇಬೇಕು.) ಆಮೇಲೆ 96 ಗುಳಿಗಳ ಪ್ಲೇಟಿನಲ್ಲಿ ಔಷಧಿ ಕೊಟ್ಟು ಎಂಟಿಟಿ ಅನ್ನೋ ಹಳದಿ ಪುಡಿಯ ದ್ರಾವಣ ಹಾಕ್ತೀವಿ. ಜೀವ ಇರೋ ಕೋಶ ಅದನ್ನ ನೇರಳೆ ಮಾಡುತ್ತೆ. ಮಾಮೂಲಿ ಕೋಶಗಳ ಸಾಲು ಡೋಸ್ ಏರಿದಂತೆ ಹಳದಿಗೆ ತಿರುಗಿದ್ರೆ, ಮೊಂಡು ಕೋಶಗಳ ಸಾಲು ಅಷ್ಟೇ ಡೋಸಿಗೂ ನೇರಳೆಯಾಗೇ ಕೂತಿರುತ್ತೆ.

ನನಗೆ ಹೆಚ್ಚು ಕುತೂಹಲ ಇರೋದು ಬೇರೆ ಥರದವುಗಳಲ್ಲಿ. ಕೆಲವು ಕೋಶಗಳಲ್ಲಿ ಹೊಸ ಮ್ಯುಟೇಶನ್ನೇ (ಡಿಎನ್‌ಎ ಬದಲಾವಣೆ) ಇರಲ್ಲ, ಬೆಳೆಯೋದನ್ನ ನಿಧಾನಿಸಿ ಮಾತ್ರೆ ನಿಲ್ಲೋವರೆಗೆ ಅವಿತು ಕೂರ್ತವೆ. 2017ರಲ್ಲಿ ಇವುಗಳ ಒಂದು ದೌರ್ಬಲ್ಯ ಸಿಕ್ತು: ಜಿಪಿಎಕ್ಸ್4 ಅನ್ನೋ ಕಿಣ್ವ ಇಲ್ಲದೆ ಇವಕ್ಕೆ ಉಳಿಗಾಲ ಇಲ್ಲ. ಕೋಶದ ಪೊರೆಯ ಕೊಬ್ಬು ಹಳೇ ಎಣ್ಣೆ ಕಮಟಿದ ಹಾಗೆ ಆಕ್ಸಿಜನ್ ಹಿಡಿದು ಕೆಡದಂತೆ ಕಾಯೋದು ಆ ಕಿಣ್ವ. ಅದನ್ನ ತಡೆದ್ರೆ ಅವಿತ ಕೋಶ ಸಾಯುತ್ತೆ, ಆದ್ರೆ ಸದ್ಯಕ್ಕೆ ಪ್ಲೇಟಿನಲ್ಲಿ ಮತ್ತು ಇಲಿಗಳಲ್ಲಿ ಮಾತ್ರ. ನಮ್ಮ ದೇಹದ ಒಳ್ಳೆ ಕೋಶಗಳಿಗೂ ಆ ಕಿಣ್ವ ಬೇಕು, ಕಷ್ಟ ಇರೋದೇ ಅಲ್ಲಿ. ವಾಟ್ಸಾಪಿನಲ್ಲಿ ಬರೋ ‘ಕ್ಯಾನ್ಸರ್ ಕೋಶ ಕೊಂದ ಬೇರು’ ಸುದ್ದಿ ನಂಬಬೇಡಿ. ಪ್ಲೇಟಿನಲ್ಲಿ ಕೋಶ ಸಾಯಿಸೋಕೆ ಸೋಪಿನ ನೀರೂ ಸಾಕು.

ನಿಮ್ಮ ಕೈಲಿ ಈಗ ಆಗೋದು: ಮಾತ್ರೆ ಬದಲಿಸೋ ಮುಂಚೆ ಟಿ790ಎಂ ಪರೀಕ್ಷೆ ಮಾಡಿಸಬೇಕಾ ಅಂತ ಆಂಕಾಲಜಿಸ್ಟನ್ನ ಕೇಳಿ. ರಕ್ತದಲ್ಲೂ ನೋಡಬಹುದು. ಅದರಲ್ಲಿ ನೆಗೆಟಿವ್ ಬಂದ್ರೆ ಅಲ್ಲಿಗೇ ಬಿಡಬೇಡಿ, ಗಡ್ಡೆಯ ಡಿಎನ್‌ಎ ರಕ್ತಕ್ಕೆ ಸಾಕಷ್ಟು ಬಂದಿಲ್ಲದೆ ಇರಬಹುದು. ಹೊಸದಾಗಿ ಬಯಾಪ್ಸಿ ತೆಗೆಯೋಕೆ ಆಗುತ್ತಾ ಅಂತಲೂ ಕೇಳಿ, ಮೊದಲ ಬಯಾಪ್ಸಿಯ ತುಣುಕನ್ನ ಮೇಣದಲ್ಲಿ ಇಟ್ಟಿರೋ ಹಳೇ ಬ್ಲಾಕಿನಲ್ಲಿ ಈ ಬದಲಾವಣೆ ಸಾಮಾನ್ಯವಾಗಿ ಕಾಣಿಸಲ್ಲ.