ಸೈಕಲ್ ಚಕ್ರಕ್ಕೆ ಬೆಲ್ಟ್ ಪುಲ್ಲಿ: ಪ್ಲೈವುಡ್ಡಾ, ಅಲ್ಯೂಮಿನಿಯಮ್ಮಾ?

ಎರಡೂ ಬೇಡ. ಸೈಕಲ್ಲಿಗೆ ಎಂಜಿನ್ ಕೂರಿಸಿ ಬೆಲ್ಟಿನಿಂದ ಓಡಿಸಬೇಕು, ಬೆಲ್ಟ್ ಜಾರದಂತೆ ಹಿಂದಿನ ಚಕ್ರದ ದೊಡ್ಡ ಪುಲ್ಲಿಯನ್ನು (ಬೆಲ್ಟ್ ಸುತ್ತುವ ಗಾಲಿ) ಯಾವುದರಲ್ಲಿ ಮಾಡಲಿ ಅಂತ ಕೇಳಿದ್ದೀರಿ. ರಾಣೆಬೆನ್ನೂರಿನಲ್ಲಿ ಐಟಿಐ ಓದುವಾಗ ನಾನೂ ಇದೇ ಚಿಂತೆಯಲ್ಲಿ ಎರಡು ತಿಂಗಳು ಹಾಳು ಮಾಡಿದೆ. ಬೆಲ್ಟ್ ಜಾರುವುದು ಅಲ್ಲಿ ಅಲ್ಲವೇ ಅಲ್ಲ.

ಕೊನೆಗೆ ದೊಡ್ಡ ಪುಲ್ಲಿಗೆ ಗುಜರಿಯ 24 ಇಂಚಿನ ರಿಮ್ ಸಾಕಾಯಿತು. ಚಕ್ರದ ಕಡ್ಡಿಗಳಿಗೆ ಪಟ್ಟಿ ಕ್ಲಿಪ್ ಹಾಕಿ ಬೋಲ್ಟ್ ಬಿಗಿದೆ. ಟೈರ್ ಕೂರುವ ಜಾಗದಲ್ಲೇ ಬೆಲ್ಟ್ ಓಡುತ್ತದೆ. ಸೈಕಲ್ಲಿಗೆ ಕೂರಿಸುವ ಎಂಜಿನ್ ಮಾರುತ್ತಿದ್ದ ಅಮೆರಿಕದ ಕಂಪನಿ ವಿಝರ್‌ನವರು 1940ರ ದಶಕದಲ್ಲೇ ಹೀಗೆ ಕಡ್ಡಿಗೆ ಕಚ್ಚಿಸುವ ಪುಲ್ಲಿ ಕೊಡುತ್ತಿದ್ದರು. ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸಿ, ಓಲಾಟ ತೆಗೆಯಿರಿ. ಒಂದು ಸಂಜೆಯ ಕೆಲಸ, ಅಷ್ಟೇ.

ಎಂಜಿನ್ ಹೊಲದ ಪಂಪಿನದು, ನಿಮಿಷಕ್ಕೆ 3000 ಸುತ್ತು. ಬೆಲ್ಟ್ ಕೂರುವಲ್ಲಿ ರಿಮ್ 20 ಇಂಚು, ಎಂಜಿನ್ ಪುಲ್ಲಿ 2 ಇಂಚು. 28 ಇಂಚಿನ ಚಕ್ರ ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಲೆಕ್ಕದಲ್ಲಿ ಗಂಟೆಗೆ 40 ಕಿ.ಮೀ. ಓಡಿಸಿದರೆ ಬರೀ ಸುಟ್ಟ ರಬ್ಬರ್ ವಾಸನೆ!

ನನ್ನ ತಪ್ಪು ಆ ಚಿಕ್ಕ ಪುಲ್ಲಿಯಲ್ಲಿತ್ತು. ಲೇತ್‌ನಲ್ಲಿ ನಾನೇ ಕೊರೆದಿದ್ದೆ. 'ಎ' ಸೈಜಿನ ವಿ ಬೆಲ್ಟ್ (ಒಳಬದಿಗೆ ಕಿರಿದಾಗುವ ಬೆಲ್ಟ್) 13 ಮಿ.ಮೀ. ಅಗಲ, 8 ಮಿ.ಮೀ. ದಪ್ಪ. ಬೆಲ್ಟ್ ಕೂರಲು ಪುಲ್ಲಿಯಲ್ಲಿ ನಾನು ಕೊರೆದ ತೋಡು 7 ಮಿ.ಮೀ. ಆಳ. ಬೆಲ್ಟ್ ಹೋಗಿ ತಳಕ್ಕೆ ಕೂತಿತು. ವಿ ಬೆಲ್ಟ್ ಬೆಣೆಯ ಹಾಗೆ ಎರಡು ಪಕ್ಕದ ಗೋಡೆಗೆ ಕಚ್ಚಿ ಎಳೆಯಬೇಕು, ಅಲ್ವಾ? ತಳ ಮುಟ್ಟಿದರೆ ಬೆಣೆ ಬಿಗಿಯುವುದೇ ಇಲ್ಲ. ನನಗೆ ಅದು ಹೊಳೆಯಲಿಲ್ಲ. ಬೆಲ್ಟ್ ಬಿಗಿ ಮಾಡಿದೆ. ಮತ್ತೂ ಬಿಗಿ ಮಾಡಿದೆ. ರಾಳದ ಪುಡಿ ಎರಚಿದೆ. ಒಂದು ದಿನ ಆರು ಕಡ್ಡಿ ಮುರಿದವು, ಮರುವಾರ ಎಂಜಿನ್ನಿನ ಬೇರಿಂಗ್ ಹೋಯಿತು. ಅದಕ್ಕಾದ ಖರ್ಚು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಓಣಿಯ ಹಿಟ್ಟಿನ ಗಿರಣಿಯ ಅಜ್ಜ ಪುಲ್ಲಿ ಕೈಗೆತ್ತಿಕೊಂಡು ಒಳಗೆ ಬೆರಳಾಡಿಸಿದ. "ತಮ್ಮಾ, ತಳಾ ಹೊಳೀಲಿಕ್ಕತ್ತೈತಿ ನೋಡು. ಪಕ್ಕಾ ಹೊಳೀಬೇಕು. ಪಟ್ಟಾ ಎಷ್ಟು ಬಿಗದರೂ ಅಷ್ಟ."

ಆಮೇಲೆ 3 ಇಂಚಿನದು ಕೊರೆದೆ. 'ಎ' ಬೆಲ್ಟಿಗೆ ಅದಕ್ಕಿಂತ ಚಿಕ್ಕದು ಬೇಡ. ತೋಡು 12 ಮಿ.ಮೀ. ಆಳ, ಎರಡು ಗೋಡೆಗಳ ನಡುವಿನ ಕೋನ 34 ಡಿಗ್ರಿ. ಬೆಲ್ಟಿನ ಕೋನ 40 ಇದ್ದರೂ ಚಿಕ್ಕ ಪುಲ್ಲಿಯಲ್ಲಿ ಬಾಗಿದಾಗ ಒಳಮೈ ಉಬ್ಬುತ್ತದೆ, ಅದಕ್ಕೇ ಕಡಿಮೆ. ಇನ್ನೊಂದು: ದೊಡ್ಡ ರಿಮ್ಮು ಹತ್ತಿರದಲ್ಲೇ ಇರುವುದರಿಂದ ಬೆಲ್ಟ್ ಚಿಕ್ಕ ಪುಲ್ಲಿಯನ್ನು 110 ಡಿಗ್ರಿಯಷ್ಟು ಮಾತ್ರ ತಬ್ಬುತ್ತದೆ. ಸಡಿಲ ಬದಿಯಲ್ಲಿ ಹೊರಗಿನಿಂದ ಒತ್ತುವ ಒಂದು ಟೆನ್ಶನರ್ ಗಾಲಿ ಹಾಕಿ. ಅದಕ್ಕೊಂದು ಲಿವರ್ ಕೊಟ್ಟರೆ ಅದೇ ಕ್ಲಚ್. ಏರು ಬಂದಾಗ ಪೆಡಲ್ ತುಳಿಯಲೇಬೇಕು, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ.

'ಸೈಕಲ್ ತಾನೇ' ಅಂತ ರಸ್ತೆಗೆ ತರಬೇಡಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 25 ಸಿಸಿ ದಾಟಿದರೆ ಅದು ಮೋಟಾರು ವಾಹನ. ನನ್ನದು ಹೊಲದ ದಾರಿಯಲ್ಲೇ ಓಡಾಡಿತು. ಪ್ಲೈವುಡ್ ದುಡ್ಡನ್ನು ಬ್ರೇಕಿಗೆ ಹಾಕಿ. ನಿಮ್ಮ ಎಂಜಿನ್ ಪುಲ್ಲಿಯ ಫೋಟೊ ಕಳಿಸಿ, ಹೊಳೆಯುತ್ತಿರುವುದು ತಳವೋ ಪಕ್ಕವೋ ನೋಡೋಣ.