ಈಜಿಪ್ಟಿನ ಸುಗಂಧ ಬರೀ ಮಮ್ಮಿಗಳಿಗೆ ಅಲ್ಲ

ಹಳೇ ಈಜಿಪ್ಟಿನವರು ಸುಗಂಧವನ್ನು ಹೆಣ ಕೆಡದಂತೆ ಇಡಲು ಮಾತ್ರ ಬಳಸುತ್ತಿದ್ದರಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಅದಕ್ಕಿಂತ ಜಾಸ್ತಿ ಅದು ಬದುಕಿರುವವರಿಗೆ, ದೇವರಿಗೆ ಬೇಕಿತ್ತು. ಬೆಳಿಗ್ಗೆ ಪೂಜಾರಿ ಗರ್ಭಗುಡಿ ಬಾಗಿಲು ತೆಗೆದು, ಮೂರ್ತಿಗೆ ಧೂಪ ಹಾಕಿ, ಬಟ್ಟೆ ಉಡಿಸಿ, ಕಿರುಬೆರಳಿನಿಂದ ಸುಗಂಧ ತೈಲ ಹಚ್ಚುತ್ತಿದ್ದ. ಸಂಜೆಗೆ ಕೈಫಿ ಅನ್ನೋ ಧೂಪ. ನನಗೆ ತುಂಬಾ ಇಷ್ಟದ ವಿಷಯ ಇದು. ಒಣದ್ರಾಕ್ಷಿ, ಜೇನು, ವೈನ್, ಮಿರ್ ಮರದ ಅಂಟು, ಇನ್ನೂ ಏನೇನೋ ಸೇರಿಸಿ ಅರೆದು ಕೆಂಡದ ಮೇಲೆ ಹಾಕುತ್ತಿದ್ದರು. ಎಡ್ಫು ದೇವಾಲಯದ ಸಣ್ಣ ಕೋಣೆಯೊಂದರ ಗೋಡೆಯಲ್ಲಿ ಅದನ್ನು ಮಾಡುವ ಕ್ರಮವನ್ನು ಅಳತೆ ಸಮೇತ ಕೆತ್ತಿದ್ದಾರೆ, ಇವತ್ತಿಗೂ ನೋಡಬಹುದು.

ಮಿರ್ ಮೇಲೆ ಎಷ್ಟು ಆಸೆ ಅಂದರೆ, ರಾಣಿ ಹತ್‌ಶೆಪ್ಸುತ್ ಪುಂಟ್ ದೇಶಕ್ಕೆ ಹಡಗು ಕಳಿಸಿ ಮರಗಳನ್ನೇ ಬೇರು ಸಮೇತ ಬುಟ್ಟಿಯಲ್ಲಿ ತರಿಸಿದಳು. ದೇರ್ ಅಲ್-ಬಹ್ರಿಯಲ್ಲಿರುವ ಅವಳ ದೇವಾಲಯದ ಗೋಡೆಯಲ್ಲಿ ಆ ಚಿತ್ರ ಇದೆ.

ಮನೆಯ ಬಳಕೆಗೆ ಈಗಿನ ಹಾಗೆ ಸ್ಪ್ರೇ ಇರಲಿಲ್ಲ. ಹೂವು, ಅಂಟುಗಳನ್ನು ಎಣ್ಣೆ ಅಥವಾ ಕೊಬ್ಬಿನಲ್ಲಿ ನೆನೆಸಿ ಮೈಗೆ ಹಚ್ಚುತ್ತಿದ್ದರು. ಔತಣದ ಚಿತ್ರಗಳಲ್ಲಿ ತಲೆ ಮೇಲೆ ಶಂಕುವಿನಂಥದ್ದು, ಸುಗಂಧದ ಮುದ್ದೆ ಅಂತ ಹೇಳುವಂಥದ್ದು, ಕಾಣುತ್ತದಲ್ವಾ? ಅದು ಸುಮ್ನೆ ಕಲ್ಪನೆ ಅಂತ ಕೆಲವರು ವಾದಿಸುತ್ತಿದ್ದರು. ಆದರೆ ಅಮರ್ನಾ ಅನ್ನೋ ಹಳೇ ನಗರದ ಸ್ಮಶಾನದಲ್ಲಿ ಸಿಕ್ಕ ಎರಡು ಅಸ್ಥಿಪಂಜರಗಳ ತಲೆ ಮೇಲೆ ಮೇಣದ ಶಂಕು ನಿಜವಾಗಿಯೂ ಇತ್ತು, 2019ರಲ್ಲಿ ಅದರ ವರದಿ ಬಂತು.