ಮರಿಸಿಂಪಿಯ ಮೊದಲ ಎರಡು ದಿನ

ಪ್ರಶ್ನೆ: ಸಮುದ್ರದ ನೀರು ಬಿಸಿಯಾಗುತ್ತಿದೆ, ಆಮ್ಲೀಯವೂ ಆಗುತ್ತಿದೆ, ಇದರಿಂದ ಚಿಪ್ಪಿನ ಜೀವಿಗಳಿಗೆ ಕುತ್ತು ಬಂದಿದೆ ಎಂದು ಓದಿದೆ. ನಮ್ಮ ಮನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ನಿಂಬೆರಸ ಚೆಲ್ಲಿದರೆ ಬೆಳ್ಳನೆಯ ಕಲೆ ಬೀಳುತ್ತದೆ. ಚಿಪ್ಪೂ ಸುಣ್ಣವೇ ಆದ್ದರಿಂದ ಅದೂ ಹೀಗೆಯೇ ಸವೆಯುತ್ತದೆಯೇ? ಆದರೆ ಅಘನಾಶಿನಿ ಅಳಿವೆಯಿಂದ ತರುವ ಬಳಚಿನ ಚಿಪ್ಪು ಎಂದಿನಂತೆ ಗಟ್ಟಿಯಾಗಿಯೇ ಇದೆಯಲ್ಲ?
– ಓದುಗರೊಬ್ಬರು, ಕುಮಟಾ

ಉತ್ತರ: ನಿಮ್ಮ ಹೋಲಿಕೆಯ ಹಿಂದಿನ ರಸಾಯನಶಾಸ್ತ್ರ ಸರಿಯಾಗಿದೆ. ಶಹಾಬಾದ್ ಕಲ್ಲೂ ಚಿಪ್ಪೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ಆದವು. ಆದರೆ ಸಮುದ್ರ ನಿಂಬೆರಸವಾಗಿಲ್ಲ. ಕೈಗಾರಿಕಾ ಯುಗಕ್ಕೆ ಮೊದಲು ಅದರ ಮೇಲ್ಪದರದ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರೀಯ) ಸರಾಸರಿ 8.2ರಷ್ಟಿತ್ತು, ಈಗ 8.1ರ ಆಸುಪಾಸಿನಲ್ಲಿದೆ, ಅಂದರೆ ಅದು ಇಂದಿಗೂ ಕ್ಷಾರೀಯವೇ. ಹಾಗೆಂದು ಈ ಇಳಿಕೆಯನ್ನು ಕಡೆಗಣಿಸುವಂತಿಲ್ಲ. ಪಿಎಚ್ ಮಾಪಕದಲ್ಲಿ ಒಂದು ಅಂಕಿ ಕೆಳಗಿಳಿದರೆ ಆಮ್ಲೀಯತೆ ತರುವ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟಾಗುತ್ತವೆ, ಕೇವಲ 0.1ರಷ್ಟು ಇಳಿದರೂ ಅವು ಕಾಲುಭಾಗದಷ್ಟು ಹೆಚ್ಚುತ್ತವೆ.

ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ನಾಲ್ಕನೆಯ ಒಂದು ಪಾಲನ್ನು ಸಮುದ್ರ ಹೀರಿಕೊಳ್ಳುತ್ತದೆ. ಅದು ನೀರಿನೊಂದಿಗೆ ಸೇರಿ ದುರ್ಬಲವಾದ ಕಾರ್ಬೊನಿಕ್ ಆಮ್ಲವಾಗುತ್ತದೆ, ಆ ಆಮ್ಲದಿಂದ ಬಿಡುಗಡೆಯಾಗುವ ಹೈಡ್ರೋಜನ್ ಅಯಾನುಗಳು ನೀರಿನಲ್ಲಿರುವ ಕಾರ್ಬೊನೇಟ್ ಅಯಾನುಗಳಿಗೆ ಅಂಟಿಕೊಂಡು ಅವುಗಳನ್ನು ಬೈಕಾರ್ಬೊನೇಟ್ ಆಗಿ ಬದಲಿಸುತ್ತವೆ. ಚಿಪ್ಪು ಕಟ್ಟಲು ಬೇಕಾದದ್ದು ಕಾರ್ಬೊನೇಟ್. ಮನೆ ಕಟ್ಟುವ ಹೊತ್ತಿಗೆ ಸರಿಯಾಗಿ ಇಟ್ಟಿಗೆಯ ರಾಶಿ ಕರಗುತ್ತಾ ಹೋದಂತೆ ಇದು. ಬಲಿತ ಸಿಂಪಿ ಅಥವಾ ಬಳಚು ಇಂಥ ಕೊರತೆಯನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ, ಏಕೆಂದರೆ ಅದರ ಮನೆ ಆಗಲೇ ಕಟ್ಟಿಯಾಗಿದೆ, ಹೊಟ್ಟೆಗೆ ಆಹಾರವೂ ಸಿಗುತ್ತಿದೆ. ಆದ್ದರಿಂದ ನಿಮ್ಮ ಬುಟ್ಟಿಯಲ್ಲಿರುವ ಗಟ್ಟಿ ಚಿಪ್ಪು ಬದುಕಿ ಉಳಿದವುಗಳ ಸಾಕ್ಷ್ಯವನ್ನು ಮಾತ್ರ ಹೇಳುತ್ತದೆ. ಪೆಟ್ಟು ಬೀಳುವುದು ಬರಿಗಣ್ಣಿಗೆ ಕಾಣದ ವಯಸ್ಸಿನಲ್ಲಿ.

ಸಿಂಪಿಯನ್ನೇ ತೆಗೆದುಕೊಳ್ಳಿ. ಹೆಣ್ಣು ಸಿಂಪಿ ಕೋಟಿಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ, ಫಲಿತ ಮೊಟ್ಟೆ ಒಂದು ದಿನದೊಳಗೆ ಈಜುವ ಮರಿಯಾಗುತ್ತದೆ, ಎರಡು ದಿನ ತುಂಬುವಷ್ಟರಲ್ಲಿ ಅದರ ಮೈಮೇಲೆ ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ಮೊದಲ ಚಿಪ್ಪು ಮೂಡಿರುತ್ತದೆ. ಈ ಮರಿಯ ಗಾತ್ರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಆ ಹೊತ್ತಿಗೆ ಅದರ ತೂಕದ ಬಹುಪಾಲು ಸುಣ್ಣವೇ ಆಗಿರುತ್ತದೆ. ಇಷ್ಟೆಲ್ಲ ಕೆಲಸವನ್ನು ಅದು ಮೊಟ್ಟೆಯಿಂದ ಬಂದ ಬುತ್ತಿಯ ಬಲದಿಂದಲೇ ಮಾಡಬೇಕು, ಏಕೆಂದರೆ ಆಹಾರ ಹಿಡಿಯುವ ಅಂಗ ಇನ್ನೂ ಸಿದ್ಧವಾಗಿರುವುದಿಲ್ಲ. ಸಾಲದೆಂಬಂತೆ, ಬಲಿತ ಸಿಂಪಿಯ ಚಿಪ್ಪು ಹೆಚ್ಚಾಗಿ ಕ್ಯಾಲ್ಸೈಟ್ ಎಂಬ ಗಟ್ಟಿ ರೂಪದ್ದಾದರೆ, ಮರಿಯ ಚಿಪ್ಪು ಬೇಗ ಕರಗುವ ಅರಾಗೊನೈಟ್ ರೂಪದ್ದು. ನೀರಿನಲ್ಲಿ ಕಾರ್ಬೊನೇಟ್ ಕಡಿಮೆಯಾದಷ್ಟೂ ಚಿಪ್ಪು ಕಟ್ಟಲು ಹೆಚ್ಚು ಶಕ್ತಿ ವ್ಯಯವಾಗುತ್ತದೆ. ತಿನ್ನಲು ಕಲಿಯುವ ಮೊದಲೇ ಬುತ್ತಿ ಬರಿದಾದ ಮರಿ ಸಾಯುತ್ತದೆ, ಇಲ್ಲವೇ ಕುಂಠಿತವಾಗುತ್ತದೆ.

ಇದು ಬರಿಯ ಪ್ರಯೋಗಶಾಲೆಯ ಊಹೆಯಲ್ಲವೆಂದು ತೋರಿಸಿದ್ದು ಅಮೆರಿಕದ ಪಶ್ಚಿಮ ಕರಾವಳಿ. ಒರೆಗಾನ್ ರಾಜ್ಯದ ನೆಟಾರ್ಟ್ಸ್ ಕೊಲ್ಲಿಯಲ್ಲಿ ವಿಸ್ಕಿ ಕ್ರೀಕ್ ಎಂಬ ಹ್ಯಾಚರಿಯಿದೆ (ಹೆಸರು ಕೇಳಿ ನಗಬೇಡಿ, ಅಲ್ಲಿ ಸಾಕುವುದು ಸಿಂಪಿಯ ಮರಿಗಳನ್ನೇ). ಜಪಾನಿನಿಂದ ತಂದು ಅಲ್ಲಿ ಬೆಳೆಸುತ್ತಿರುವ ಪೆಸಿಫಿಕ್ ಸಿಂಪಿ ಆ ತಣ್ಣನೆಯ ಕರಾವಳಿಯ ಬಹುತೇಕ ಕಡೆ ತಾನಾಗಿ ಚೆನ್ನಾಗಿ ಮರಿಮಾಡುವುದಿಲ್ಲವಾದ್ದರಿಂದ ಬೆಳೆಗಾರರು ಇಂಥ ಹ್ಯಾಚರಿಗಳನ್ನೇ ನೆಚ್ಚಿಕೊಂಡಿದ್ದಾರೆ. 2007 ಮತ್ತು 2008ರಲ್ಲಿ ಅಲ್ಲಿನ ತೊಟ್ಟಿಗಳಲ್ಲಿ ಮರಿಗಳು ಸಾಮೂಹಿಕವಾಗಿ ಸತ್ತವು. ಮೊದಲ ಅನುಮಾನ ಹೋದದ್ದು ವಿಬ್ರಿಯೊ ಎಂಬ ಬ್ಯಾಕ್ಟೀರಿಯಾದ ಮೇಲೆ. ಅದನ್ನು ತಡೆಯುವ ವ್ಯವಸ್ಥೆ ಮಾಡಿದ ಮೇಲೂ ಸಾವು ನಿಲ್ಲಲಿಲ್ಲ. ಹ್ಯಾಚರಿಯ ಅಲನ್ ಬಾರ್ಟನ್ ಮತ್ತು ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಬರ್ಕ್ ಹೇಲ್ಸ್ ಮೊದಲಾದ ವಿಜ್ಞಾನಿಗಳು ನೀರಿನ ರಸಾಯನವನ್ನೇ ಅಳೆದು ನೋಡಿದಾಗ ಗುಟ್ಟು ಸಿಕ್ಕಿತು. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಗಾಳಿ ಮೇಲ್ನೀರನ್ನು ದಡದಿಂದ ದೂರ ತಳ್ಳುತ್ತದೆ, ಆಗ ಆಳದ ತಣ್ಣೀರು ಮೇಲೇಳುತ್ತದೆ, ಆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಸಾವುಗಳು ಈ ದಿನಗಳಿಗೆ ತಾಳೆಯಾಗುತ್ತಿದ್ದವು.

2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಅಂಶವೊಂದಿದೆ: ಮೊದಲ 48 ಗಂಟೆಗಳಲ್ಲಿ ಮರಿಗಳಿದ್ದ ನೀರು ಹೇಗಿತ್ತೆಂಬುದರ ಮೇಲೆ ಅವುಗಳ ಮುಂದಿನ ಬೆಳವಣಿಗೆ ನಿಂತಿತ್ತು. ಕೆಟ್ಟ ನೀರಿನಲ್ಲಿ ಹುಟ್ಟಿದ ಮರಿಗಳು ಮೊದಲಿಗೆ ಈಜಾಡಿಕೊಂಡಿದ್ದು ದಿನಗಳು ಕಳೆದ ಮೇಲೆ ಸೊರಗುತ್ತಿದ್ದವು. ಅಷ್ಟರಲ್ಲಿ ತೊಟ್ಟಿಯ ನೀರು ಸುಧಾರಿಸಿರುತ್ತಿದ್ದುದರಿಂದ ಕಾರಣ ಕೈಗೆ ಸಿಗುತ್ತಿರಲಿಲ್ಲ. ಪರಿಹಾರವೂ ಅಲ್ಲಿಂದಲೇ ಹೊಳೆಯಿತು. ಹಗಲಿನಲ್ಲಿ ಕೊಲ್ಲಿಯ ಕಡಲಹುಲ್ಲು ಮತ್ತು ಪಾಚಿ ದ್ಯುತಿಸಂಶ್ಲೇಷಣೆಗೆಂದು ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಬೆಳಗಿನ ನೀರಿಗಿಂತ ಮಧ್ಯಾಹ್ನದ ನೀರು ಮರಿಗಳಿಗೆ ಹಿತ. ಹಾಗಾಗಿ ತೊಟ್ಟಿಗಳನ್ನು ಮಧ್ಯಾಹ್ನದ ಮೇಲೆ ತುಂಬಿಸತೊಡಗಿದರು. ಆಮೇಲೆ ನೀರಿಗೆ ಸೋಡಿಯಂ ಕಾರ್ಬೊನೇಟ್, ಅಂದರೆ ನಮ್ಮ ವಾಷಿಂಗ್ ಸೋಡಾವನ್ನೇ, ಅಳತೆಯಾಗಿ ಬೆರೆಸಿದರು.

ಇನ್ನು ಬಿಸಿಯ ಮಾತು. ನೀರು ತುಸು ಬೆಚ್ಚಗಾದರೆ ಮರಿಗಳು ಬೇಗ ಬೆಳೆಯುತ್ತವೆ. ನೀರಿನಲ್ಲಿ ತೇಲುವ ಅಪಾಯದ ದಿನಗಳು ಕಡಿಮೆಯಾಗುವುದರಿಂದ ಇದು ಒಂದು ಮಿತಿಯವರೆಗೆ ಲಾಭವೇ. ಮಿತಿ ದಾಟಿದರೆ ಲೆಕ್ಕ ತಲೆಕೆಳಗಾಗುತ್ತದೆ. ದೇಹದ ಖರ್ಚು ಏರುತ್ತದೆ, ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ವಿಬ್ರಿಯೊ ಚುರುಕಾಗುತ್ತದೆ. ಚಿಪ್ಪಿನ ಕೆಲಸಕ್ಕೇ ಹೆಚ್ಚು ಶಕ್ತಿ ಸುರಿಯುತ್ತಿರುವ ಮರಿಗೆ ಈ ಹೊರೆಯನ್ನೂ ಹೊರಲು ಉಳಿತಾಯವಿರುವುದಿಲ್ಲ.

ನಿಮ್ಮ ಅಳಿವೆಯ ಲೆಕ್ಕಾಚಾರ ತೆರೆದ ಕಡಲಿಗಿಂತ ಜಟಿಲವಾದದ್ದು. ಅಲ್ಲಿ ಉಬ್ಬರ ಇಳಿತಗಳ ಜೊತೆಗೆ ಪಿಎಚ್ ದಿನಕ್ಕೆ ಹಲವು ಬಾರಿ ಏರಿಳಿಯುತ್ತದೆ, ಮಳೆಗಾಲದಲ್ಲಿ ನದಿಯ ಸಿಹಿನೀರು ಉಪ್ಪಿನಂಶವನ್ನು ಕುಗ್ಗಿಸುತ್ತದೆ, ಅದೇ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಆಳದ ನೀರು ಮೇಲೇಳುತ್ತದೆ. ಆದ್ದರಿಂದ ಒಂದು ವರ್ಷ ಬಳಚು ಕಡಿಮೆ ಬಂದಿತೆಂದರೆ ಅದನ್ನು ನೇರವಾಗಿ ಸಮುದ್ರದ ಆಮ್ಲೀಯತೆಯ ತಲೆಗೆ ಕಟ್ಟಬಾರದು. ಮರಳು, ಸಿಹಿನೀರು, ಮಿತಿಮೀರಿದ ಸಂಗ್ರಹ, ಇವನ್ನೆಲ್ಲ ಮೊದಲು ವಿಚಾರಿಸಬೇಕು.

ಪ್ರಶ್ನೆ: ಹಾಗಿದ್ದರೆ ಸಮುದ್ರಕ್ಕೇ ಸೋಡಾ ಸುರಿಯಬಹುದಲ್ಲ? ಅಥವಾ ಸಿಂಪಿಗಳೇ ಕಾಲಕ್ರಮದಲ್ಲಿ ಹೊಂದಿಕೊಳ್ಳುವುದಿಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ತೊಟ್ಟಿಯ ಮದ್ದು ಕೊಲ್ಲಿಗೂ ಸಾಲದು, ಸಮುದ್ರದ ಮಾತಂತೂ ದೂರ. ಹೊಂದಿಕೊಳ್ಳುವಿಕೆಗೆ ಸ್ವಲ್ಪ ಆಧಾರವಿದೆ. ಆಸ್ಟ್ರೇಲಿಯಾದ ಸಿಡ್ನಿ ಕಲ್ಲುಸಿಂಪಿಯ ಪ್ರಯೋಗಗಳಲ್ಲಿ, ತಾಯ್ತಂದೆ ಸಿಂಪಿಗಳನ್ನು ಹೆಚ್ಚು ಇಂಗಾಲದ ಡೈಆಕ್ಸೈಡ್ ಇರುವ ನೀರಿನಲ್ಲಿ ಇರಿಸಿದಾಗ, ಅವುಗಳ ಮರಿಗಳು ಅಂಥದೇ ನೀರಿನಲ್ಲಿ ಉಳಿದವಕ್ಕಿಂತ ದೊಡ್ಡದಾಗಿ, ಬೇಗ ಬೆಳೆದವು. ಆದರೆ ಕಾಲದ ವಿಷಯದಲ್ಲಿ ಒಂದು ತೊಡಕಿದೆ. ಒರೆಗಾನ್ ದಡದಲ್ಲಿ ಇಂದು ಮೇಲೇಳುತ್ತಿರುವ ನೀರು ಕೊನೆಯ ಬಾರಿ ಗಾಳಿಯನ್ನು ಮುಟ್ಟಿದ್ದು ಹಲವು ದಶಕಗಳ ಹಿಂದೆ. ಇಂಗಾಲದ ಡೈಆಕ್ಸೈಡ್ ಇನ್ನೂ ಹೆಚ್ಚಿರುವ ಈಗಿನ ಗಾಳಿಯನ್ನು ಮುಟ್ಟಿ ಆಳಕ್ಕಿಳಿದ ನೀರು ಇನ್ನೂ ದಾರಿಯಲ್ಲಿದೆ.

ಪ್ರಶ್ನೆ: ವಾಷಿಂಗ್ ಸೋಡಾ ಬೆರೆಸಿದ ನೀರಿನ ಸಿಂಪಿಯನ್ನು ತಿನ್ನಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಧಾರಾಳವಾಗಿ ತಿನ್ನಬಹುದು. ಸೋಡಾ ಸರಿಪಡಿಸುವುದು ನೀರಿನ ಕಾರ್ಬೊನೇಟ್ ಕೊರತೆಯನ್ನಷ್ಟೇ, ಅದೂ ಮರಿ ತೊಟ್ಟಿಯಲ್ಲಿರುವ ಕೆಲವು ವಾರಗಳ ಮಟ್ಟಿಗೆ. ಆಮೇಲೆ ಅದು ತೆರೆದ ಕೊಲ್ಲಿಯಲ್ಲಿ ವರ್ಷಗಟ್ಟಲೆ ಬೆಳೆದು ತಟ್ಟೆಗೆ ಬರುತ್ತದೆ.